ಮೊದಲ ಪ್ರಾಜೆಕ್ಟ್ ಕಾರು: ಕಾಸರಗೋಡು ಕಡೆಯ ಹುಡುಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಕ್ಯಾನಿಕ್ ಅಲ್ಲ. ಬದಿಯಡ್ಕ ಹತ್ತಿರ ಸ್ವಲ್ಪ ಅಡಿಕೆ ತೋಟ, ಶೆಡ್ಡಿನಲ್ಲಿ ಒಂದು ಹಳೆಯ ಮಾರುತಿ 800, ಅದರ ಅಡಿಯಲ್ಲಿ ಮಲಗಿ ಕಳೆದ ಭಾನುವಾರಗಳು. ಇಷ್ಟೇ ನನ್ನ ಬಂಡವಾಳ. ಆದರೂ ಗಾಡಿ ತೆಗೆಯುವ ಮೊದಲು ಫೋನ್ ಮಾಡುವವರು ಇದ್ದಾರೆ. ಪೆರ್ಲದವನೂ ಕೇಳುವುದು ಅದನ್ನೇ, ಉಪ್ಪಳದವನೂ ಕೇಳುವುದು ಅದನ್ನೇ. ಹಾಗಾಗಿ ಒಮ್ಮೆ ಬರೆದಿಟ್ಟೆ.

ಅಣ್ಣಾ, ಪ್ರಾಜೆಕ್ಟ್ ಕಾರು ಅಂದರೆ ಏನು?

ಬಿಚ್ಚಲಿಕ್ಕೆ, ಕಲಿಯಲಿಕ್ಕೆ, ತಿರುಗಿ ಜೋಡಿಸಲಿಕ್ಕೆ ಅಂತಲೇ ತಂದ ಹಳೆಯ ಕಾರು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತರೂ ಮನೆಯಲ್ಲಿ ಯಾರ ಕೆಲಸವೂ ನಿಲ್ಲಬಾರದು.

ದಿನಾ ಓಡಿಸುವ ಕಾರನ್ನೇ ಮಾಡಬಾರದಾ?

ಬೇಡ. ಭಾನುವಾರ ಬಿಚ್ಚಿದ ಬ್ರೇಕ್ ಸೋಮವಾರ ಬೆಳಿಗ್ಗೆ ಜೋಡಿಸಿ ಆಗಿರುವುದಿಲ್ಲ. ಅವಸರದಲ್ಲಿ ಸಿಕ್ಕಿಸಿ ಆಫೀಸಿಗೆ ಹೊರಡುತ್ತೀರಿ. ಮತ್ತೆ ಏನಾಗುತ್ತದೆ ಅಂತ ನಾನು ಬರೆಯಬೇಕಾಗಿಲ್ಲ.

ಹಾಗಾದರೆ ಯಾವ ಕಾರು ತೆಗೆಯಲಿ?

ಮಾರುತಿ 800. ಇದು ಬೇಜಾರಿನ ಉತ್ತರ ಅಂತ ಗೊತ್ತು. ಎಲ್ಲರಿಗೂ ಮನಸ್ಸಿನಲ್ಲಿ ಬೇರೆ ಯಾವುದೋ ಗಾಡಿ ಇರುತ್ತದೆ. ಆದರೂ ಕಾರಣ ಕೇಳಿ.

1983ರ ಡಿಸೆಂಬರ್‌ನಿಂದ 2014ರ ಜನವರಿವರೆಗೆ ಈ ಕಾರು ಬಂತು. ಮೂವತ್ತು ವರ್ಷ ಬಂದ ಗಾಡಿಯ ಬಿಡಿಭಾಗ ಇನ್ನೂ ಸಣ್ಣ ಪೇಟೆಯ ಅಂಗಡಿಯಲ್ಲೂ ಸಿಗುತ್ತದೆ. ಹೊಸತು ಸಿಗದಿದ್ದರೆ ಗುಜರಿಯಲ್ಲಿ ಸಿಗುತ್ತದೆ. 796 ಸಿಸಿ, ಮೂರು ಸಿಲಿಂಡರ್. ಓಮ್ನಿಯಲ್ಲಿ ಇದ್ದದ್ದೂ ಇದೇ ಎಂಜಿನ್. ಇಡೀ ಕಾರಿನ ತೂಕ ಸುಮಾರು 650 ಕಿಲೋ. ಬಾನೆಟ್ ಎತ್ತಿದರೆ ಕೈ ಹೋಗುವಷ್ಟು ಜಾಗ ಇದೆ, ಯಾವ ಪೈಪು ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. 10, 12, 14, 17 ನಂಬರಿನ ಸ್ಪಾನರ್ ಇದ್ದರೆ ಅರ್ಧ ಗಾಡಿ ಬಿಚ್ಚಬಹುದು. ಮುಖ್ಯವಾಗಿ, ನೀವು ತಪ್ಪು ಮಾಡುತ್ತೀರಿ. ಈ ಗಾಡಿಯಲ್ಲಿ ತಪ್ಪಿನ ಬೆಲೆ ಕಡಿಮೆ.

ಇನ್ನೂ ಸ್ವಲ್ಪ ದುಡ್ಡು ಇದ್ದರೆ ಹಳೆಯ ಝೆನ್. 1993ರಲ್ಲಿ ಬಂದದ್ದು, 993 ಸಿಸಿಯ ಅಲ್ಯುಮಿನಿಯಂ ಎಂಜಿನ್, ಓಡಿಸಲಿಕ್ಕೆ 800ಕ್ಕಿಂತ ಎಷ್ಟೋ ಖುಷಿ. ಆದರೆ ಆ ಎಂಜಿನ್ ಒಮ್ಮೆ ಜಾಸ್ತಿ ಬಿಸಿಯಾದರೆ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಡೊಂಕಾಗುತ್ತದೆ. ರೇಡಿಯೇಟರ್ ಸರಿ ಇಲ್ಲದ ಝೆನ್ ಸುಮ್ನೆ ಕೊಟ್ಟರೂ ಬೇಡ. 1,298 ಸಿಸಿಯ ಎಸ್ಟೀಮ್ ಕೂಡ ಒಳ್ಳೆಯ ಗಾಡಿಯೇ. ಆದರೆ ಒಳಗಿನ ಪ್ಲಾಸ್ಟಿಕ್ ಭಾಗ, ಲೈಟು, ಬೀಡಿಂಗ್ ಹುಡುಕಿ ಹುಡುಕಿ ಸುಸ್ತಾಗುತ್ತದೆ.

ಹಳೆಯ ಜರ್ಮನ್ ಕಾರು ಅಗ್ಗಕ್ಕೆ ಸಿಗುತ್ತದೆ ಅಂತ ಕೇಳುವವರೂ ಇದ್ದಾರೆ. ಅಗ್ಗಕ್ಕೆ ಯಾಕೆ ಸಿಗುತ್ತದೆ ಅಂತ ಯೋಚಿಸಿ ನೋಡಿ.

ಕಾರ್ಬುರೇಟರ್ ಮಾಡೆಲ್ ತೆಗೆಯಬೇಕಾ, ಎಂಪಿಎಫ್‌ಐ ತೆಗೆಯಬೇಕಾ?

ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಹಳೆಯ ಉಪಕರಣ ಕಾರ್ಬುರೇಟರ್. ಅದೇ ಕೆಲಸವನ್ನು ಕಂಪ್ಯೂಟರ್ ಹಿಡಿತದಲ್ಲಿ ಮಾಡುವುದು ಎಂಪಿಎಫ್‌ಐ. ಕಲಿಯಲಿಕ್ಕೆ ಕಾರ್ಬುರೇಟರ್ ಒಳ್ಳೆಯದು. ಗಾಳಿ ಎಷ್ಟು, ಪೆಟ್ರೋಲ್ ಎಷ್ಟು ಅನ್ನುವುದು ಸ್ಕ್ರೂಡ್ರೈವರ್ ತಿರುಗಿಸಿದಾಗ ಕಿವಿಗೇ ಕೇಳುತ್ತದೆ. ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತಿನ ತುಂಡು) ಬಿಚ್ಚಿ ಊದಿ ಹಾಕಿದರೆ ಗಾಡಿ ಬದಲಾದದ್ದು ಗೊತ್ತಾಗುತ್ತದೆ. ಕಂಪ್ಯೂಟರ್ ಹಚ್ಚಬೇಕಾಗಿಲ್ಲ.

ಒಂದು ಎಚ್ಚರಿಕೆ ಇದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಹಳೆಯ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ನೀರನ್ನೂ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಮೂರು ತಿಂಗಳು ನಿಂತ ಗಾಡಿಯ ಟ್ಯಾಂಕಿನ ಅಡಿಯಲ್ಲಿ ನೀರು ಕೂತಿರುತ್ತದೆ. ಆದ್ದರಿಂದ ಗಾಡಿ ತಂದ ಕೂಡಲೇ ಪೆಟ್ರೋಲ್ ಪೈಪುಗಳನ್ನೆಲ್ಲ ಹೊಸತು ಹಾಕಿ, ಎಥನಾಲ್ ತಡೆಯುವಂಥದ್ದನ್ನೇ ಕೇಳಿ ತನ್ನಿ. ಪೈಪು ಸೋರಿ ಬಿಸಿ ಸೈಲೆನ್ಸರಿನ ಮೇಲೆ ಬಿದ್ದರೆ ಪ್ರಾಜೆಕ್ಟೂ ಇಲ್ಲ, ಶೆಡ್ಡೂ ಇಲ್ಲ.

ಆಗಾಗ ಸ್ವಲ್ಪ ಓಡಿಸುವ ಆಸೆ ಇದ್ದರೆ ಎಂಪಿಎಫ್‌ಐ ತೆಗೆಯಿರಿ. ತಂಟೆ ಕಡಿಮೆ, ಕಲಿಕೆಯೂ ಸ್ವಲ್ಪ ಕಡಿಮೆ.

ಜೀಪು ತೆಗೆದರೆ ಹೇಗೆ? ನಮ್ಮ ಗುಡ್ಡಕ್ಕೆ ಅದೇ ಅಲ್ವಾ ಸರಿ?

ಗುಡ್ಡಕ್ಕೆ ಸರಿಯೇ. ಎಣ್ಮಕಜೆ, ರಾಣಿಪುರಂ ಕಡೆ ಹೋದರೆ ಜೀಪು ಯಾಕೆ ಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕಲಿಯಲಿಕ್ಕೂ ಚಂದ: ಕೆಳಗೆ ಗಟ್ಟಿ ಚಾಸಿಸ್, ಮೇಲೆ ಬೋಲ್ಟು ಹಾಕಿ ಕೂರಿಸಿದ ಬಾಡಿ. ಒಂದನ್ನು ಬಿಟ್ಟು ಇನ್ನೊಂದರ ಕೆಲಸ ಮಾಡಬಹುದು. ಜಿಪ್ಸಿಯೂ ಹಾಗೆಯೇ.

ತೊಂದರೆ ಇರುವುದು ಕಾಗದದಲ್ಲಿ. ಹಳೆಯ ಜೀಪುಗಳಿಗೆ ಎಷ್ಟೋ ಸಲ ಎಂಜಿನ್ ಬದಲಾಗಿರುತ್ತದೆ, ಬಾಡಿ ಉದ್ದ ಮಾಡಿರುತ್ತಾರೆ, ಟಾಪು ಬೇರೆ ಆಗಿರುತ್ತದೆ. ಆರ್‌ಸಿಯಲ್ಲಿ ಯಾವುದೂ ಬರೆದಿರುವುದಿಲ್ಲ. ನೋಡಲಿಕ್ಕೆ ಹೋಗುವಾಗ ಆರ್‌ಸಿ ಕೈಯಲ್ಲಿ ಹಿಡಿದು, ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ಟಾರ್ಚ್ ಹಾಕಿ ಓದಿ. ಒಂದಂಕಿ ತಪ್ಪಿದರೂ ಚಾ ಕುಡಿದು ವಾಪಸು ಬನ್ನಿ.

ಅಜ್ಜನ ಅಂಬಾಸಿಡರ್ ದನದ ಹಟ್ಟಿಯ ಹತ್ತಿರ ನಿಂತಿದೆ. ಅದನ್ನೇ ಮಾಡಲಾ?

ಅಜ್ಜನ ಗಾಡಿ ಅಂದಮೇಲೆ ನಾನು ಬೇಡ ಅಂದರೂ ನೀವು ಕೇಳುವುದಿಲ್ಲ. ಆದರೆ ಮೊದಲ ಪ್ರಾಜೆಕ್ಟ್ ಅದು ಆಗದಿರಲಿ. ಹಳೆಯ ಅಂಬಾಸಿಡರಿಗೆ ಇಂಚಿನ ಅಳತೆಯ ಸ್ಪಾನರ್ ಬೇಕು, ಬಾಗಿಲೊಂದನ್ನು ಎತ್ತಲಿಕ್ಕೇ ಇಬ್ಬರು ಬೇಕು. 2014ರಲ್ಲಿ ತಯಾರಿ ನಿಂತಿದೆ. ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು.

ಸದ್ಯ ಅದನ್ನು ಹಟ್ಟಿಯ ಹತ್ತಿರದಿಂದ ಎಬ್ಬಿಸಿ. ಗಂಜಲದ ಗಾಳಿಗೆ ಕಬ್ಬಿಣ ಬೇಗ ತಿಂದುಹೋಗುತ್ತದೆ. ಒಣ ಜಾಗದಲ್ಲಿ ಚಕ್ರ ನೆಲಕ್ಕೆ ತಾಗದ ಹಾಗೆ ನಿಲ್ಲಿಸಿ, ಬ್ಯಾಟರಿ ತೆಗೆದು ಇಡಿ. 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ಅಂತ ಬೇರೆ ನೋಂದಣಿ ಮಾಡಿಸುವ ನಿಯಮ 2021ರಲ್ಲಿ ಬಂದಿದೆ. ಅಜ್ಜನದು ಆ ವಯಸ್ಸಿನದ್ದಾದರೆ ಅದರ ಚಾಸಿಸ್, ಬಾಡಿ, ಎಂಜಿನ್ ಯಾವುದನ್ನೂ ಮಾರ್ಪಾಡು ಮಾಡಲೇಬೇಡಿ. ಮೂರು ವರ್ಷ 800ರಲ್ಲಿ ಕೈ ಪಳಗಿದ ಮೇಲೆ ಅದರ ಹತ್ತಿರ ಹೋಗಿ.

ನೋಡುವಾಗ ಮೊದಲು ಏನನ್ನು ನೋಡಬೇಕು?

ತುಕ್ಕು. ಎರಡನೆಯದೂ ತುಕ್ಕು. ಎಂಜಿನ್ ಆಮೇಲೆ.

ಒಂದು ಬದಿಯಲ್ಲಿ ಸಮುದ್ರದ ಉಪ್ಪು ಗಾಳಿ, ಇನ್ನೊಂದು ಬದಿಯಲ್ಲಿ ಜೂನ್‌ನಿಂದ ಬಿಡದೆ ಸುರಿಯುವ ಮಳೆ. ಮಂಜೇಶ್ವರದಿಂದ ಬೇಕಲದವರೆಗೆ ಕಡಲ ಹತ್ತಿರ ಇದ್ದ ಗಾಡಿಗೂ ಒಳನಾಡಿನ ಗಾಡಿಗೂ ಅಡಿಯಲ್ಲಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. 800, ಝೆನ್‌ಗಳಿಗೆ ಜೀಪಿನ ಹಾಗೆ ಬೇರೆ ಚಾಸಿಸ್ ಇಲ್ಲ. ತಳದ ತಗಡೇ ಬೆನ್ನೆಲುಬು. ಅದು ಹೋದರೆ ಗಾಡಿಯೇ ಹೋಯಿತು. ಕೆಟ್ಟ ಎಂಜಿನ್ ಒಂದು ವಾರದಲ್ಲಿ ಇಳಿಸಿ ಸರಿ ಮಾಡಬಹುದು. ಕೊಳೆತ ತಳ ಸರಿ ಮಾಡಲಿಕ್ಕೆ ಟಿಂಕರಿಂಗ್ ಮೇಸ್ತ್ರಿಯೇ ತಲೆ ಕೆರೆದುಕೊಳ್ಳುತ್ತಾರೆ.

ನನ್ನ ಕಥೆ ಹೇಳುತ್ತೇನೆ. 2019ರಲ್ಲಿ ತೆಗೆದ ಗಾಡಿ, ಹೊಳೆಯುವ ಕೆಂಪು ಬಣ್ಣ. ಮಾರುವವರು ಹೊಸ ಮ್ಯಾಟ್ ಹಾಕಿ ಕೊಟ್ಟಿದ್ದರು. ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡೆ. ಮೊದಲ ಮಳೆಗೆ ಕಾಲಡಿಯಲ್ಲಿ ಪಚಪಚ ಅಂತ ನೀರು. ಮ್ಯಾಟ್ ಎತ್ತಿದರೆ ಅದರ ಕೆಳಗೆ ರಟ್ಟು, ರಟ್ಟಿನ ಕೆಳಗೆ ಡಾಂಬರು ಬಳಿದ ಗೋಣಿ, ಗೋಣಿಯ ಕೆಳಗೆ ರಸ್ತೆ. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟಿ ಕೂತವನನ್ನು ನೋಡಿ ಅವನ ಕುಣಿತಕ್ಕೆ ಮಾರ್ಕು ಕೊಟ್ಟ ಹಾಗೆ ಆಯಿತು ನನ್ನ ವ್ಯಾಪಾರ.

ಹಾಗಾಗಿ ನೋಡಲಿಕ್ಕೆ ಹೋಗುವಾಗ ಹಳೆಯ ಅಂಗಿ ಹಾಕಿಕೊಂಡು ಹೋಗಿ, ನೆಲಕ್ಕೆ ಮಲಗಲಿಕ್ಕಿದೆ. ಮ್ಯಾಟ್ ಎತ್ತಿಸಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ಅದರ ಗುಂಡಿ ನೋಡಿ. ಬಾಗಿಲುಗಳ ಕೆಳ ಅಂಚು, ಬ್ಯಾಟರಿ ಕೂರುವ ತಟ್ಟೆ ನೋಡಿ. ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂರುವ ಜಾಗ ತುಂಬ ಮುಖ್ಯ, ಅಲ್ಲಿ ಬಿರುಕೋ ತುಕ್ಕೋ ಕಂಡರೆ ಮಾತೇ ಬೇಡ. ಒಂದು ಸಣ್ಣ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಡಿಯ ಮೇಲೆ ಎಳೆಯಿರಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಬೆರಳ ಗಂಟಿನಿಂದ ಬಡಿದರೂ ಸದ್ದು ಹೇಳುತ್ತದೆ. ಹಲಸಿನ ಹಣ್ಣು ಬಡಿದು ನೋಡುವವರಿಗೆ ಇದನ್ನು ಕಲಿಸಬೇಕಾಗಿಲ್ಲ.

ಎಂಜಿನ್ ನೋಡುವುದು ಹೇಗೆ?

ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರಬೇಕು. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ಕಪ್ಪು ಹೊಗೆ ಪೆಟ್ರೋಲ್ ಜಾಸ್ತಿಯಾದದ್ದು, ಅದಕ್ಕೆ ಹೆದರಬೇಡಿ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಬದಿಯಲ್ಲಿ ಹಾಲು ಕಲಸಿದ ಚಾದ ಬಣ್ಣದ ಜಿಡ್ಡು ಇದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗಿನ ಸೀಲು) ಮೇಲೆ ಸಂಶಯ ಇಡಿ.

ಮಂಗಳೂರಿನಲ್ಲಿ ಅಗ್ಗಕ್ಕೆ ಇದೆ. ತಲಪಾಡಿ ಗಡಿ ದಾಟಿಸಿ ತರಬಹುದಾ?

ತರಬಹುದು. ಗಾಡಿ ಒಂದು ಗಂಟೆಯಲ್ಲಿ ಬರುತ್ತದೆ, ಕಾಗದ ಬರಲಿಕ್ಕೆ ತಿಂಗಳು ಬೇಕು.

ಮಂಗಳೂರಿನ ಕೆಎ 19 ನಂಬರಿನ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತೆಗೆಸಬೇಕು, ಅದು 28ನೇ ನಂಬರಿನ ಫಾರಂ. ಸಾಲದ ನಮೂದು ಇದ್ದರೆ ಮೊದಲು ಬ್ಯಾಂಕಿನಿಂದ ತೆಗೆಸಬೇಕು. ಆಮೇಲೆ ಇಲ್ಲಿ ವಿದ್ಯಾನಗರದ ಆರ್‌ಟಿಒದಲ್ಲಿ ಕೇರಳದ ತೆರಿಗೆ ಕಟ್ಟಿ ಕೆಎಲ್ 14 ನಂಬರ್ ಮಾಡಿಸಬೇಕು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಹಾಗೆಯೇ ಇಟ್ಟುಕೊಳ್ಳಲಿಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ. ಈ ಖರ್ಚನ್ನೆಲ್ಲ ಕೂಡಿಸಿದರೆ ಅಗ್ಗದ ಗಾಡಿ ಎಷ್ಟೋ ಸಲ ಅಗ್ಗ ಅಲ್ಲ.

ಇನ್ನೊಂದು ನಮ್ಮೂರಿನದೇ ತಾಪತ್ರಯ. ಆರ್‌ಸಿಯಲ್ಲಿ ಹೆಸರು ಇರುವವರು ಗಲ್ಫಿನಲ್ಲಿ, ಗಾಡಿ ಕೊಡುವವನು ಅವರ ಭಾವನ ಗೆಳೆಯ. 'ಸಹಿ ಆಮೇಲೆ ಕಳುಹಿಸುತ್ತಾರೆ' ಅಂತಾನೆ. ಹೆಸರು ಬದಲಾಯಿಸುವ 29, 30ನೇ ಫಾರಂಗಳಿಗೆ ಆರ್‌ಸಿ ಹೆಸರಿನವರ ಸಹಿ ಬೀಳದೆ ಒಂದು ರೂಪಾಯಿಯೂ ಕೊಡಬೇಡಿ. ನನ್ನ ಗೆಳೆಯನೊಬ್ಬ ಕೊಟ್ಟ. ಅವನ ಗಾಡಿಗೆ ಈಗ ಹೊಸ ಬಣ್ಣ ಇದೆ, ಹೊಸ ಸೀಟು ಇದೆ. ಅವನ ಹೆಸರು ಮಾತ್ರ ಇಲ್ಲ.

15 ವರ್ಷ ದಾಟಿದ ಗಾಡಿಯಾದರೆ ಆರ್‌ಸಿ ನವೀಕರಣ ಆಗಿದೆಯಾ ನೋಡಿ. ಅದು ಐದೈದು ವರ್ಷಕ್ಕೆ ಆಗುವುದು. 2022ರ ಏಪ್ರಿಲ್‌ನಿಂದ ಕಾರಿಗೆ ಶುಲ್ಕ 5,000 ರೂಪಾಯಿ, 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000. ಜೊತೆಗೆ ಹಸಿರು ತೆರಿಗೆ. ಇನ್‌ಸ್ಪೆಕ್ಟರ್ ಗಾಡಿ ನೋಡಿಯೇ ಬಿಡುವುದು, ಹಾಗಾಗಿ ನವೀಕರಣ ಹತ್ತಿರ ಇದ್ದರೆ ಅದು ಮುಗಿಯುವವರೆಗೆ ಏನನ್ನೂ ಬದಲಾಯಿಸಬೇಡಿ.

ಕೇರಳದಲ್ಲಿ ಮಾಡಿಫಿಕೇಶನ್ ಮಾಡಿದರೆ ಹಿಡಿಯುತ್ತಾರಂತೆ. ಹೌದಾ?

ಹೌದು, ಹಿಡಿಯುತ್ತಾರೆ. ಆದರೆ ಇದು ಕೇರಳದ್ದು ಮಾತ್ರ ಅಲ್ಲ, ಇಡೀ ದೇಶದ ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಆ ಕೇಸು ಹೋದದ್ದೂ ಕೇರಳದಿಂದಲೇ. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದೆ ಮಾಡಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. 'ಒಂದೊಂದು' ಅನ್ನುವ ಮಾತನ್ನು ಗಮನಿಸಿ. ಸೈಲೆನ್ಸರ್, ಬಂಪರ್, ಲೈಟು ಅಂತ ಅವರು ಲೆಕ್ಕ ಮಾಡುತ್ತಾ ಹೋದರೆ ನಿಮ್ಮ ಗಾಡಿಯ ಬೆಲೆಯನ್ನೇ ದಾಟುತ್ತದೆ.

ಹಾಗಾದರೆ ಏನು ಉಳಿಯಿತು? ಬೇಕಾದಷ್ಟು ಉಳಿದಿದೆ. ಬಣ್ಣ ಬದಲಾಯಿಸಬಹುದು, ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ಸೀಟಿನ ಹೊದಿಕೆ, ಡೋರ್ ಪ್ಯಾಡ್, ಸ್ಟೀರಿಯೋ, ಸದ್ದು ತಡೆಯುವ ಶೀಟು, ಹೊಸ ವೈರಿಂಗ್, ಒಳ್ಳೆಯ ಬ್ರೇಕ್ ಪ್ಯಾಡ್, ಸಸ್ಪೆನ್ಶನ್ ಬುಶ್‌ಗಳು, ಅಳತೆ ತಪ್ಪದ ಟೈರು. ಗಾಜಿಗೆ ಎದುರು ಮತ್ತು ಹಿಂದೆ ಶೇಕಡಾ 70, ಬದಿಯಲ್ಲಿ ಶೇಕಡಾ 50 ಬೆಳಕು ಹಾಯಬೇಕು. ಸೈಲೆನ್ಸರ್ ತೆಗೆದು ಸದ್ದು ಮಾಡುವುದು, ಮುಂದೆ ಕಬ್ಬಿಣದ ಬುಲ್ ಬಾರ್ ಕಟ್ಟುವುದು, ರೂಫ್ ಕೊಯ್ಯುವುದು ಬೇಡ. ನನ್ನ ಅಭಿಪ್ರಾಯ ಕೇಳಿದರೆ, ಕೈಕೆಲಸ ಕಲಿಯುವುದಿರುವುದು ಮೊದಲ ಪಟ್ಟಿಯಲ್ಲಿಯೇ. ಎರಡನೆಯದರಲ್ಲಿ ಇರುವುದು ಬರೀ ಗದ್ದಲ. ಏನೇ ಮಾಡಿದರೂ ವಿಮೆ ಕಂಪನಿಗೆ ತಿಳಿಸಿ. ತಿಳಿಸದ ಬದಲಾವಣೆ ಅವರಿಗೆ ಕ್ಲೇಮ್ ತಳ್ಳಲಿಕ್ಕೆ ಒಳ್ಳೆಯ ನೆಪ.

ಎಷ್ಟು ದುಡ್ಡು ಬೇಕು?

ಕೈಯಲ್ಲಿ ಇರುವುದರ ಅರ್ಧಕ್ಕೆ ಗಾಡಿ ತೆಗೆಯಿರಿ, ಅರ್ಧ ಉಳಿಸಿ. ಒಂದು ಲಕ್ಷ ಇದ್ದರೆ ಐವತ್ತು ಸಾವಿರದ ಗಾಡಿ. ಅಡಿಕೆಗೆ ರೇಟು ಬಂದ ವರ್ಷ ನಮ್ಮವರು ಪೂರ್ತಿ ದುಡ್ಡು ಗಾಡಿಗೇ ಹಾಕುತ್ತಾರೆ. ಆಮೇಲೆ ಮುಂದಿನ ಕೊಯ್ಲಿನವರೆಗೆ ಅದರ ಮೇಲೆ ಕೋಳಿ ಕೂರುತ್ತದೆ.

ಗಾಡಿ ಬಂತು. ಮೊದಲ ಕೆಲಸ ಯಾವುದು?

ಬ್ರೇಕು. ಆಮೇಲೆ ಸ್ಟೇರಿಂಗ್, ರೇಡಿಯೇಟರ್, ವೈರಿಂಗ್. ಬಣ್ಣ ಕಟ್ಟಕಡೆಗೆ. ಬ್ರೇಕ್ ಆಯಿಲ್ ಗಾಳಿಯ ನೀರನ್ನು ಹೀರುತ್ತದೆ. ನೀರು ಸೇರಿದ ಆಯಿಲ್ ಇಳಿಜಾರಿನಲ್ಲಿ ಬಿಸಿಯಾಗಿ ಕುದಿದರೆ ಪೆಡಲ್ ಮೆತ್ತಗಾಗುತ್ತದೆ, ಘಾಟಿ ಇಳಿಯುವಾಗ ಅದು ಗೊತ್ತಾಗಬಾರದು. ಪೂರ್ತಿ ಹಳೆಯದನ್ನು ತೆಗೆದು ಹೊಸತು ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ವೆಲ್ಡಿಂಗ್, ಪುಟ್ಟಿ, ಸ್ಪ್ರೇ ಕಲಿಯಲಿಕ್ಕೆ ನಿಮ್ಮ ಗಾಡಿಯನ್ನೇ ಕೊಡಬೇಡಿ. ಗುಜರಿಯಿಂದ ಒಂದು ಹಾಳಾದ ಬಾಗಿಲು ತೂಕದ ಲೆಕ್ಕದಲ್ಲಿ ತನ್ನಿ. ಅದನ್ನು ಮೂರು ಸಲ ಹಾಳು ಮಾಡಿ. ನಾಲ್ಕನೇ ಸಲ ಸರಿ ಬಂದಾಗ ಸ್ವಂತ ಗಾಡಿ ಮುಟ್ಟಿ.

ದೊಡ್ಡ ಚಕ್ರ ಹಾಕಬಹುದಾ?

ಲೆಕ್ಕ ಮಾಡಿ ಹಾಕಿ. 800ರ ಟೈರು 145/70 ಆರ್ 12. ಅಂದರೆ 145 ಮಿಲಿಮೀಟರ್ ಅಗಲ, ಆ ಅಗಲದ ಶೇಕಡಾ 70ರಷ್ಟು ಬದಿಯ ಎತ್ತರ, 12 ಇಂಚಿನ ರಿಮ್. ಇಡೀ ಚಕ್ರದ ಎತ್ತರ ಸುಮಾರು 508 ಮಿಲಿಮೀಟರ್. ಹುಡುಗರು ಹಾಕುವ 155/65 ಆರ್ 13ರದ್ದು ಸುಮಾರು 532. ಶೇಕಡಾ 4.7 ಜಾಸ್ತಿ. ಮೀಟರ್ 60 ತೋರಿಸುವಾಗ ನೀವು 63ರಲ್ಲಿ ಇರುತ್ತೀರಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮಡ್‌ಗಾರ್ಡಿಗೆ ಉಜ್ಜಲೂಬಹುದು, ಚಡಾವಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ. ಎತ್ತರದ ವ್ಯತ್ಯಾಸ ಶೇಕಡಾ 3ರ ಒಳಗೆ ಇರಲಿ. ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸುವ ಯೋಚನೆ ಇದ್ದರೆ ನಮ್ಮ ಪಂಚಾಯತು ರಸ್ತೆಯ ಹಂಪುಗಳನ್ನು ಒಮ್ಮೆ ನೆನೆಸಿಕೊಳ್ಳಿ.

ಹೆಡ್‌ಲೈಟಿಗೆ ಜೋರು ಬಲ್ಬ್?

ಎರಡು 60 ವ್ಯಾಟಿನ ಬಲ್ಬಿಗೆ 12 ವೋಲ್ಟಿನಲ್ಲಿ 10 ಆಂಪಿಯರ್ ಹರಿಯುತ್ತದೆ. 100 ವ್ಯಾಟಿನದ್ದು ಹಾಕಿದರೆ ಸುಮಾರು 17. ಅದೇ ಹಳೆಯ ತೆಳು ವೈರು, ಅದೇ ಸ್ವಿಚ್ಚು. ಮೊದಲು ಹೋಲ್ಡರ್ ಕರಗುತ್ತದೆ, ಆಮೇಲೆ ಫ್ಯೂಸ್ ಹೋಯಿತು ಅಂತ ಯಾರೋ ಅದಕ್ಕೆ ತಾಮ್ರದ ತಂತಿ ಸುತ್ತುತ್ತಾರೆ. ಎದುರು ಬರುವವನ ಕಣ್ಣೂ ಹೋಗುತ್ತದೆ. ಮೂಲ ಬಲ್ಬನ್ನೇ ಇಟ್ಟು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ನಡೆಸುವ ಸ್ವಿಚ್ಚು) ಹಾಕಿ, ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆಯಿರಿ. ಬೆಳಕು ಎಷ್ಟು ಏರುತ್ತದೆ ನೋಡಿ. ವೈರಿಂಗ್ ಕಲಿಯಲಿಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇಲ್ಲ. ಇಲಿಗಳಿಗೆ ಹೊಸ ವೈರು ಇಷ್ಟ, ಅದೊಂದು ನೆನಪಿರಲಿ.

ಪೇಂಟ್ ಯಾವ ತಿಂಗಳಲ್ಲಿ?

ಡಿಸೆಂಬರ್‌ನಿಂದ ಫೆಬ್ರವರಿ. ಏನೇ ಆದರೂ ಮೇ ಕೊನೆಯ ಪತ್ತನಾಜೆ ದಾಟಬಾರದು. ತಿನ್ನರ್ ಆರುವಾಗ ತಗಡು ತಣ್ಣಗಾಗುತ್ತದೆ, ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಬಣ್ಣದ ಮೇಲೆ ಕೂತು ಬೆಳ್ಳಗೆ ಮಂಜು ಹಿಡಿದ ಹಾಗೆ ಆಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಪೇಂಟ್ ಹೊಡೆಯುತ್ತೇನೆ ಅನ್ನುವವನ ಹತ್ತಿರ ಗಾಡಿ ಬಿಡಬೇಡಿ.

ಕಷ್ಟ ಏನೆಂದರೆ ಅಂಗಳದಲ್ಲಿ ಅಡಿಕೆ ಒಣಗುವುದೂ ಅದೇ ತಿಂಗಳಲ್ಲಿ. ನಾನು ಒಮ್ಮೆ ಗಾಳಿ ಇಲ್ಲ ಅಂದುಕೊಂಡು ಅಂಗಳದ ತುದಿಯಲ್ಲಿ ಸ್ಪ್ರೇ ಹೊಡೆದೆ. ಸಂಜೆ ಅಪ್ಪ ಒಂದು ಹಿಡಿ ಅಡಿಕೆ ತಂದು ನನ್ನ ಎದುರು ಇಟ್ಟರು. ಎಲ್ಲದಕ್ಕೂ ಸಣ್ಣ ಸಣ್ಣ ಕೆಂಪು ಚುಕ್ಕೆ. ಏನೂ ಹೇಳಲಿಲ್ಲ. ಈಗ ಬಣ್ಣದ ಕೆಲಸ ಟಾರ್ಪಾಲ್ ಕಟ್ಟಿದ ಶೆಡ್ಡಿನಲ್ಲಿ ಮಾತ್ರ. ಎರಡು ಡಬ್ಬಿ ಬೆರೆಸಿ ಹೊಡೆಯುವ ಪೇಂಟ್ ಆದರೆ ಮುಖಕ್ಕೆ ಬೈರಾಸು (ಟವೆಲ್) ಕಟ್ಟಿದರೆ ಸಾಲದು. ಅದರ ಹಾರ್ಡ್‌ನರ್ ಶ್ವಾಸಕ್ಕೆ ಬಹಳ ಕೆಟ್ಟದ್ದು, ಫಿಲ್ಟರ್ ಇರುವ ಮಾಸ್ಕೇ ಬೇಕು.

ಮನೆಯಲ್ಲಿ ರ‍್ಯಾಂಪ್ ಇಲ್ಲ. ಗಾಡಿಯ ಅಡಿಗೆ ಹೇಗೆ ಹೋಗುವುದು?

ಇದನ್ನು ಜೋರಾಗಿ ಹೇಳುತ್ತೇನೆ: ಕೆಂಪುಕಲ್ಲು ಇಡಬೇಡಿ. ನಮ್ಮಲ್ಲಿ ಎಲ್ಲದಕ್ಕೂ ಕೆಂಪುಕಲ್ಲು ಅಲ್ವಾ, ಗೋಡೆಗೂ ಅದೇ, ಬಾವಿ ಕಟ್ಟೆಗೂ ಅದೇ. ಆದರೆ ಅದು ತೂತು ತೂತಿನ ಕಲ್ಲು. ಒದ್ದೆಯಾಗಿದ್ದರೆ, ಭಾರ ಒಂದೇ ಮೂಲೆಗೆ ಬಿದ್ದರೆ, ಸದ್ದಿಲ್ಲದೆ ಒಡೆಯುತ್ತದೆ. ಬರೀ ಜಾಕ್ ಮೇಲೆ ನಿಂತ ಗಾಡಿಯ ಅಡಿಗೂ ಹೋಗಬೇಡಿ. ಒಂದು ಜೊತೆ ಕಬ್ಬಿಣದ ಜಾಕ್ ಸ್ಟ್ಯಾಂಡ್, ಕೆಳಗೆ ಗಟ್ಟಿ ಕಾಂಕ್ರೀಟ್ ನೆಲ, ಹಿಂದಿನ ಚಕ್ರಕ್ಕೆ ಅಡ್ಡ ಮರದ ತುಂಡು. ಸ್ಪಾನರ್ ಸೆಟ್ಟಿಗಿಂತ ಮೊದಲು ತರಬೇಕಾದದ್ದು ಇದನ್ನೇ.

ಕೆಲಸ ಯಾರ ಹತ್ತಿರ ಕಲಿಯಲಿ?

ಫೋನಿನಲ್ಲಿ ವಿಡಿಯೋ ಇದೆ, ನೋಡಿ. ಆದರೆ ಕೈ ಕಲಿಯುವುದು ಮೇಸ್ತ್ರಿಯ ಪಕ್ಕದಲ್ಲಿ ಕೂತಾಗಲೇ. ನನಗೆ ಕಲಿಸಿದ ಮೇಸ್ತ್ರಿ, ನಾವು ಇಕ್ಕ (ಅಣ್ಣ) ಅನ್ನುವವರು, ಮಲಯಾಳದಲ್ಲಿ ಬೈಯುತ್ತಿದ್ದರು, ತುಳುವಿನಲ್ಲಿ ಲೆಕ್ಕ ಹೇಳುತ್ತಿದ್ದರು, ನನ್ನ ಹತ್ತಿರ ಕನ್ನಡ. ಶನಿವಾರ ಮಧ್ಯಾಹ್ನ ಹೋಗಿ ಸುಮ್ನೆ ಟಾರ್ಚ್ ಹಿಡಿದು ನಿಲ್ಲಿ. ಎರಡನೇ ತಿಂಗಳಿಗೆ ಸ್ಪಾನರ್ ಕೈಗೆ ಕೊಡುತ್ತಾರೆ.

ಎಷ್ಟು ಸಮಯದಲ್ಲಿ ಮುಗಿಯುತ್ತದೆ?

ಆರು ತಿಂಗಳು ಅಂತ ನಾನು ಮನೆಯಲ್ಲಿ ಹೇಳಿದ್ದೆ. ಈಗ ಏಳನೇ ವರ್ಷ. ಅಪ್ಪ ಕುಂಬಳೆ ಜಾತ್ರೆಯ ಸಿಡಿಮದ್ದಿನ ಬೆಡಿಗೆ ಅದರಲ್ಲೇ ಹೋಗಿ ಬರುತ್ತಾರೆ. ಎಡಬದಿಯ ಹಿಂದಿನ ಗಾಜು ಇನ್ನೂ ಪೂರ್ತಿ ಕೆಳಗೆ ಇಳಿಯುವುದಿಲ್ಲ.